ಲಿಫ್ಟಿನ ಬಾಗಿಲು ಹಿಡಿದು ನಿಂತವರಿಗೆ ಸ್ಟಾರ್ ಸಿಗುತ್ತಾರೆ: ಅಮೆರಿಕದ ಕಾಲೇಜ್ ಫುಟ್‌ಬಾಲ್ ಪ್ರಶಸ್ತಿ ಸಮಾರಂಭಕ್ಕೆ ವಾಲಂಟಿಯರ್ ಆಗಿ ಹೋಗುವವರಿಗೆ

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ' ನಡೆಸುವ ಸಮ್ಮೇಳನದ ಆತಿಥ್ಯ ಸಮಿತಿಯಲ್ಲಿ ಓಡಾಡಿದವರಿಗೆ ಈ ಗುಟ್ಟು ಗೊತ್ತಿರುತ್ತದೆ. ಊರಿಂದ ಬಂದ ನಟರು ವೇದಿಕೆ ಹತ್ತಿರ ಸಿಗುವುದಿಲ್ಲ, ಅಲ್ಲಿ ಜನ ಮುತ್ತಿಕೊಂಡಿರುತ್ತಾರೆ. ರಾತ್ರಿ ಒಂದೂವರೆಗೆ ಜೆಟ್‌ಲ್ಯಾಗ್‌ನಲ್ಲಿ ನಿದ್ದೆ ಬಾರದೆ ಹೋಟೆಲ್ ಲಾಬಿಗೆ ಇಳಿದು ಬಂದು, "ಒಂಚೂರು ಬಿಸಿನೀರು ಸಿಗುತ್ತಾಮ್ಮಾ?" ಅಂತ ಕೇಳುತ್ತಾರಲ್ಲ, ಆಗ ಸಿಗುತ್ತಾರೆ. 2018ರಲ್ಲಿ ಡಾಲಸ್‌ನಲ್ಲಿ ಸಮ್ಮೇಳನ ಆದಾಗ ನಾನು ಕಲಿತದ್ದು ಇಷ್ಟು. ಆಮೇಲೆ ಮಗನ ಕಾಟಕ್ಕೆ ಕಾಲೇಜ್ ಫುಟ್‌ಬಾಲ್ ಪ್ರಶಸ್ತಿ ಸಮಾರಂಭಕ್ಕೆ ವಾಲಂಟಿಯರ್ ಆಗಿ ಸೇರಿದಾಗ ಕೈ ಹಿಡಿದದ್ದೂ ಇದೇ. ಮಗ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಪ್ರತಿ ಶುಕ್ರವಾರ ರಾತ್ರಿ ಮೈದಾನದ ಅಂಗಡಿಯಲ್ಲಿ ನಿಂತು ಮೆಕ್ಕೆಜೋಳದ ಚಿಪ್ಸಿನ ಮೇಲೆ ಚೀಸ್ ಸುರಿಯುತ್ತಿದ್ದ ತಾಯಂದಿರಲ್ಲಿ ನಾನೂ ಒಬ್ಬಳು. ಆಟ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಈ ಕೆಲಸಕ್ಕೆ ಅಷ್ಟು ಸಾಕು.

ಎಂಎಸ್ ಮಾಡಲು ಬಂದವರು, ಗಂಡನ ಅಥವಾ ಹೆಂಡತಿಯ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿ ಬಂದು ಮನೆಯಲ್ಲಿ ಕೂತು ಬೇಜಾರಾದವರು, ಮಕ್ಕಳ ಹುಚ್ಚಿಗೆ ಹಿಂದೆ ಹೋಗಬೇಕಾದ ಅಪ್ಪ ಅಮ್ಮಂದಿರು, ಹೀಗೆ ಹಲವರು ನನ್ನನ್ನು ಕೇಳುತ್ತಿರುತ್ತಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ಕೆಲಸ ಮಾಡಿದ ಸಮಾರಂಭದ ಹೆಸರನ್ನು ಮಾತ್ರ ಹೇಳುವುದಿಲ್ಲ. ಅಲ್ಲಿ ಆದ ಎಡವಟ್ಟುಗಳನ್ನೂ ಹೇಳಲಿಕ್ಕಿದೆ.

ಶುರು ಮಾಡುವ ಮುಂಚೆ: ಇಲ್ಲಿ ಸ್ಟಾರ್ ಅಂದರೆ ಯಾರು?

ಇಲ್ಲಿ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ಟು, ಭುಜಕ್ಕೆ ದಿಂಬು ಕಟ್ಟಿಕೊಂಡಂಥ ಪ್ಯಾಡು. ಮೆಸ್ಸಿ ಆಡುವುದನ್ನು ಇವರು ಸಾಕರ್ ಅನ್ನುತ್ತಾರೆ. ಕಾಲೇಜು ಅಂದಕೂಡಲೇ ನಮ್ಮ ಅಂತರಕಾಲೇಜು ಕಬಡ್ಡಿ ಪಂದ್ಯವನ್ನು ನೆನಪು ಮಾಡಿಕೊಳ್ಳಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ 1,07,000ಕ್ಕೂ ಹೆಚ್ಚು ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯನ್ನು ಎರಡು ಸಲ ತುಂಬಿಸಿದರೂ ಇನ್ನೂ ಜನ ಉಳಿಯುತ್ತಾರೆ. ಅಷ್ಟು ಜನರ ಮುಂದೆ ಆಡುವವನ ವಯಸ್ಸು ಇಪ್ಪತ್ತು, ಇಪ್ಪತ್ತೊಂದು. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಸಲೀಸು. ನೀವು ನೋಡಲಿಕ್ಕೆ ಹೋಗುತ್ತಿರುವ ಸೆಲೆಬ್ರಿಟಿ, ಸೂಟು ಹೊಲಿಸಿಕೊಂಡು ಅಮ್ಮನ ಜೊತೆ ಬಂದಿರುವ ಹುಡುಗ.

ಅವರ ಜೊತೆಗೆ ಇನ್ನೊಂದು ಥರದ ಸ್ಟಾರ್‌ಗಳೂ ಬರುತ್ತಾರೆ: ಹಳೆಯ ಆಟಗಾರರು, ಕೋಚ್‌ಗಳು, ಟಿವಿಯಲ್ಲಿ ವಿಶ್ಲೇಷಣೆ ಮಾಡುವವರು. ಇವರಿಗೆ ಐವತ್ತು ಅರವತ್ತು ದಾಟಿರುತ್ತದೆ, ಮಂಡಿ ನೋವಿರುತ್ತದೆ, ಮಾತಿಗೆ ಪುರುಸೊತ್ತಿರುತ್ತದೆ. ನನ್ನ ಕೇಳಿದರೆ ಹುಡುಗರಿಗಿಂತ ಇವರ ಜೊತೆ ಮಾತಾಡುವುದರಲ್ಲೇ ಹೆಚ್ಚು ರುಚಿ.

ಹೆಜ್ಜೆ 1: ಊರಿಗೆ ಹತ್ತಿರದ ಪ್ರಶಸ್ತಿ ಯಾವುದು ನೋಡಿ

ಎಲ್ಲರ ಬಾಯಲ್ಲೂ ಇರುವುದು ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ. 1935ರಲ್ಲಿ ಜೇ ಬರ್ವಾಂಗರ್‌ಗೆ ಮೊದಲ ಸಲ ಕೊಟ್ಟರು. ನ್ಯೂಯಾರ್ಕಿನಲ್ಲಿ ಟಿವಿ ಕ್ಯಾಮರಾಗಳ ನಡುವೆ ನಡೆಯುವ ಕಾರ್ಯಕ್ರಮ ಅದು. ಹೊಸಬರು ಅದರ ಆಸೆ ಬಿಡುವುದು ಒಳ್ಳೆಯದು. ಟಿವಿಯವರ ಕಾರ್ಯಕ್ರಮದಲ್ಲಿ ಕೆಲಸವೆಲ್ಲ ಸಂಬಳದವರ ಕೈಯಲ್ಲಿರುತ್ತದೆ. ನಿಮಗೆ ಏನಾದರೂ ಸಿಕ್ಕರೆ ಖಾಲಿ ಕುರ್ಚಿ ತುಂಬಿಸುವ ಕೆಲಸ ಸಿಗಬಹುದು ಅಷ್ಟೆ.

ಆದರೆ ಈ ಆಟದಲ್ಲಿ ಒಂದೊಂದು ಸ್ಥಾನಕ್ಕೂ ಒಂದೊಂದು ಪ್ರಶಸ್ತಿ ಇದೆ. ಒಂದೊಂದು ಪ್ರಶಸ್ತಿಗೂ ಒಂದೊಂದು ಊರು ಇದೆ. ನಮ್ಮ ಕಡೆ ಒಂದೊಂದು ದೇವರಿಗೆ ಒಂದೊಂದು ಊರಲ್ಲಿ ಜಾತ್ರೆ ಆಗುವ ಹಾಗೆ. ಚೆಂಡು ಎಸೆದು ತಂಡವನ್ನು ಆಡಿಸುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅತ್ಯುತ್ತಮನಿಗೆ ಕೊಡುವ ಡೇವಿ ಓಬ್ರಿಯನ್ ಪ್ರಶಸ್ತಿ ಫೋರ್ಟ್ ವರ್ತ್‌ನದು. ಓಬ್ರಿಯನ್ ಅಲ್ಲಿಯ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯಕ್ಕೆ ಆಡಿ 1938ರ ಹೈಸ್‌ಮನ್ ಗೆದ್ದವರು. ಅರ್ಧ ಗಂಟೆ ದೂರದ ಡಾಲಸ್‌ನಲ್ಲಿ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಡೋಕ್ ವಾಕರ್ ಪ್ರಶಸ್ತಿ. ಕ್ಯಾಚ್ ಹಿಡಿಯುವ ರಿಸೀವರ್‌ಗಳ ಬಿಲೆಟ್ನಿಕಾಫ್ ಪ್ರಶಸ್ತಿ ಫ್ಲೋರಿಡಾದ ಟ್ಯಾಲಹಾಸಿಯದು. ಡಿಫೆನ್ಸ್ ಆಟಗಾರರ ನಗರ್ಸ್ಕಿ ಟ್ರೋಫಿ ಶಾರ್ಲಟ್‌ನಲ್ಲಿ. ಮುಂದಿನ ಸಾಲಿನಲ್ಲಿ ನಿಲ್ಲುವ ಬೆಟ್ಟದಂಥ ಲೈನ್‌ಮನ್‌ಗಳಿಗೆ ಸಲ್ಲುವ, 1946ರಿಂದ ನಡೆದು ಬಂದ ಔಟ್‌ಲ್ಯಾಂಡ್ ಟ್ರೋಫಿಯ ಔತಣ ನೆಬ್ರಾಸ್ಕಾದ ಓಮಹಾದಲ್ಲಿ. ನೆಲದ ಮೇಲಿಟ್ಟ ಚೆಂಡು ಒದೆಯುವ ಕಿಕ್ಕರ್‌ಗೂ ಒಂದು ಇದೆ, ಕೈಯಿಂದ ಬಿಟ್ಟ ಚೆಂಡನ್ನು ದೂರಕ್ಕೆ ಒದೆಯುವ ಪಂಟರ್‌ಗೂ ಒಂದು ಇದೆ. ಪಂಟರ್‌ನದು ಗಾಲ್ಫಿಗೆ ಹೆಸರಾದ ಆಗಸ್ಟಾದಲ್ಲಿ, ರೇ ಗೈ ಹೆಸರಿನಲ್ಲಿ.

ಹ್ಯೂಸ್ಟನ್‌ನಲ್ಲಿರುವವರು ಬೇರ್ ಬ್ರಯಂಟ್ ಪ್ರಶಸ್ತಿಯನ್ನು ನೋಡಿ. ಅದು ಕೋಚ್‌ಗಳಿಗೆ. ಅದನ್ನು ನಡೆಸುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಹೃದ್ರೋಗದ ಸಂಸ್ಥೆಗೂ ಫುಟ್‌ಬಾಲಿಗೂ ಏನು ಸಂಬಂಧ ಅಂತ ನಾನೂ ಕೇಳಿದ್ದೆ. ಅಲಬಾಮಾದ ಕೋಚ್ ಬ್ರಯಂಟ್ ತಮ್ಮ ಕೊನೆಯ ಪಂದ್ಯ ಆಡಿಸಿದ್ದು 1982ರ ಡಿಸೆಂಬರ್ 29ಕ್ಕೆ. ನಿವೃತ್ತಿಯಾಗಿ ತಿಂಗಳು ತುಂಬುವುದರೊಳಗೆ, 1983ರ ಜನವರಿ 26ರಂದು, ಹೃದಯಾಘಾತದಿಂದ ತೀರಿಹೋದರು. ಇಂಥ ಸಮಾರಂಭದಲ್ಲಿ ವಾಲಂಟಿಯರ್ ಆಗುವವರು ಈ ಕಥೆ ತಿಳಿದುಕೊಂಡಿರಬೇಕು. ಮೇಜಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಈಶಾನ್ಯದಲ್ಲಿರುವವರಿಗೆ ನನ್ನ ಶಿಫಾರಸು ಕನೆಕ್ಟಿಕಟ್‌ನ ನ್ಯೂಹೇವನ್. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಈ ಆಟದ ನಿಯಮಗಳನ್ನು ರೂಪಿಸಿದವರು, ಅಮೆರಿಕನ್ ಫುಟ್‌ಬಾಲಿನ ಪಿತಾಮಹ. ದೇಶದ ಅತ್ಯುತ್ತಮ ಕಾಲೇಜು ಆಟಗಾರರನ್ನು ಆರಿಸುವ, ಅವರ ಹೆಸರಿನ ಆಲ್-ಅಮೆರಿಕ ತಂಡದ ಪಟ್ಟಿ 1889ರಿಂದ ಬರುತ್ತಿದೆ. ಅವರ ಹೆಸರಿನ ಪ್ರತಿಷ್ಠಾನವನ್ನು ನಡೆಸುವವರೇ ವಾಲಂಟಿಯರ್‌ಗಳು. ಅಂಥ ಕಡೆ ನಿಮ್ಮನ್ನು ಹೊರಗಿನವರ ಥರ ನೋಡುವುದಿಲ್ಲ, ನೋಡಲಿಕ್ಕೆ ಒಳಗಿನವರು ಅಂತ ಬೇರೆ ಯಾರೂ ಇರುವುದಿಲ್ಲ.

ಅಟ್ಲಾಂಟಾದವರಿಗೆ ಇನ್ನೊಂದು ದಾರಿ ಇದೆ. 2014ರಲ್ಲಿ ಅಲ್ಲಿ ತೆರೆದ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ವರ್ಷವಿಡೀ ಇರುವ ಮ್ಯೂಸಿಯಂ. ಮೂರು ಮಹಡಿ ಎತ್ತರದ ಗೋಡೆ ತುಂಬ ಏಳುನೂರಕ್ಕೂ ಹೆಚ್ಚು ಕಾಲೇಜುಗಳ ಹೆಲ್ಮೆಟ್ ಇಟ್ಟಿದ್ದಾರೆ. ಇಂಥ ಜಾಗಕ್ಕೆ ಒಂದೆರಡು ಸಲ ಹೋಗಿ ಬಂದರೂ ಆಟದ ಇತಿಹಾಸ ತಲೆಗೆ ಹತ್ತುತ್ತದೆ.

ಹೆಜ್ಜೆ 2: ಕ್ಯಾಲೆಂಡರ್ ತೆಗೆಯಿರಿ

ಆಟದ ಋತು ಆಗಸ್ಟ್ ಕೊನೆಗೆ ಶುರು, ಡಿಸೆಂಬರ್ ಮೊದಲ ವಾರಕ್ಕೆ ಲೀಗ್ ಫೈನಲ್‌ಗಳು. ಪ್ರಶಸ್ತಿ ಯಾರಿಗೆ ಅನ್ನುವುದು ಡಿಸೆಂಬರಿನಲ್ಲಿ ಗೊತ್ತಾಗುತ್ತದೆ. ಆದರೆ ಪ್ರಶಸ್ತಿ ಕೊಡುವ ಔತಣಕೂಟಗಳಲ್ಲಿ ಹಲವು ನಡೆಯುವುದು ಜನವರಿ, ಫೆಬ್ರವರಿಯಲ್ಲಿ. ಡಿಸೆಂಬರಿನ ಟಿವಿ ಕಾರ್ಯಕ್ರಮದಲ್ಲಿ ಹುಡುಗರು ಹೆದರಿ ಬಿಳಿಚಿಕೊಂಡಿರುತ್ತಾರೆ, ಫಲಿತಾಂಶ ಗೊತ್ತಿರುವುದಿಲ್ಲ. ಫೆಬ್ರವರಿಯ ಊಟಕ್ಕೆ ಗೆದ್ದವನು ಗೆದ್ದವನಾಗಿಯೇ ಬರುತ್ತಾನೆ, ನಗುನಗುತ್ತಾ ಇರುತ್ತಾನೆ. ನಾನಾದರೆ ಫೆಬ್ರವರಿಯನ್ನೇ ಆರಿಸಿಕೊಳ್ಳುತ್ತೇನೆ.

ಅರ್ಜಿ ಹಾಕುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮ ನವರಾತ್ರಿ ಹೊತ್ತಿಗೆ ಅಂತ ನೆನಪಿಟ್ಟುಕೊಳ್ಳಿ. ಪ್ರಶಸ್ತಿಯ ಪ್ರತಿಷ್ಠಾನಕ್ಕೋ ಆ ಊರಿನ ಕ್ರೀಡಾ ಸಮಿತಿಗೋ ನೇರವಾಗಿ ಮೇಲ್ ಮಾಡಿ. ನಾಲ್ಕೇ ಸಾಲು ಸಾಕು: ಎಲ್ಲಿದ್ದೀರಿ, ಯಾವ ದಿನಗಳು ಬಿಡುವು, ಕಾರು ಓಡಿಸುತ್ತೀರಾ, ಹಿಂದೆ ಎಲ್ಲಿ ವಾಲಂಟಿಯರ್ ಆಗಿದ್ದಿರಿ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಐನೂರು ಜನಕ್ಕೆ ಊಟ ಬಡಿಸಿದ್ದು, ಪಾರ್ಕಿಂಗ್ ನೋಡಿಕೊಂಡದ್ದು ಎಲ್ಲವೂ ಇಲ್ಲಿ ಅನುಭವವೇ, ಸಂಕೋಚಪಡದೆ ಬರೆಯಿರಿ. ಬರೆಯಬಾರದ ಒಂದೇ ಮಾತು, "ನಾನು ಇಂಥ ಆಟಗಾರನ ದೊಡ್ಡ ಅಭಿಮಾನಿ". ಅದನ್ನು ಓದಿದ ಸಂಯೋಜಕಿ ನಿಮ್ಮನ್ನು ಪಾರ್ಕಿಂಗ್ ಕಡೆಗೆ ಕಳಿಸುತ್ತಾಳೆ.

ಹೆಜ್ಜೆ 3: ವೀಸಾದಲ್ಲಿರುವವರು ಇದನ್ನು ಹಾರಿಸಿ ಓದಬೇಡಿ

ಲಾಭಕ್ಕಲ್ಲದೆ ನಡೆಯುವ ಸಂಸ್ಥೆ, ಯಾವಾಗಲೂ ವಾಲಂಟಿಯರ್‌ಗಳೇ ಮಾಡುವಂಥ ಕೆಲಸ, ಪ್ರತಿಯಾಗಿ ದುಡ್ಡಾಗಲಿ ದುಡ್ಡಿನಂಥದ್ದಾಗಲಿ ಇಲ್ಲ. ಈ ಮೂರೂ ಇದ್ದರೆ ಮುಂದುವರಿಯಿರಿ. ಕಾರ್ಯಕ್ರಮ ನಡೆಸುತ್ತಿರುವುದು ಖಾಸಗಿ ಈವೆಂಟ್ ಕಂಪನಿ, ನಿಮ್ಮನ್ನು "ವಾಲಂಟಿಯರ್" ಅಂತ ಕರೆದು ಸಂಬಳದವರ ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಅಂತಾದರೆ ದೂರ ಇರಿ. ಕಡೆಯಲ್ಲಿ ಕೈಗೆ ಗಿಫ್ಟ್ ಕಾರ್ಡು ತುರುಕಿದರೂ ಕಷ್ಟವೇ. ಟೀ ಶರ್ಟು, ಊಟ, ಪಾರ್ಕಿಂಗ್‌ಗೆ ಯಾರೂ ತಕರಾರು ಮಾಡುವುದಿಲ್ಲ. ಎಫ್-1 ವಿದ್ಯಾರ್ಥಿಗಳು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಒಂದು ಮೇಲ್ ಹಾಕಿ, ಬಂದ ಉತ್ತರವನ್ನು ಎತ್ತಿಟ್ಟುಕೊಳ್ಳಿ.

ಹೆಜ್ಜೆ 4: ಕೆಲಸ ಆರಿಸಿಕೊಳ್ಳುವುದರಲ್ಲೇ ಎಲ್ಲ ಇದೆ

ಅರ್ಜಿಯಲ್ಲಿ "ಯಾವ ಕೆಲಸ ಇಷ್ಟ" ಅಂತ ಕೇಳುತ್ತಾರೆ. ಹೊಸಬರೆಲ್ಲ ರೆಡ್ ಕಾರ್ಪೆಟ್ ಅಂತ ಬರೆಯುತ್ತಾರೆ. ಮೊದಲ ವರ್ಷ ನಾನೂ ಹಾಗೇ ಬರೆದು ಅದೇ ಸಿಕ್ಕಿತು. ಹಗ್ಗದ ಈಚೆ ಮೂರು ಗಂಟೆ ನಿಂತೆ. ಬಂದವರೆಲ್ಲ ಕ್ಯಾಮರಾ ಕಡೆ ಮುಖ ಮಾಡಿ ನನಗೆ ಬೆನ್ನು ತೋರಿಸಿ ಹೋದರು. ಆ ಸಂಜೆ ನನಗೆ ಕಂಡ ಬೆನ್ನುಗಳ ಬಗ್ಗೆ ಬೇಕಾದರೆ ಇನ್ನೊಂದು ಲೇಖನ ಬರೆಯಬಲ್ಲೆ. ಉಡುಗೊರೆ ಚೀಲ ತುಂಬುವ ಕೆಲಸದಲ್ಲಿ ಚೀಲ ಬಿಟ್ಟು ಯಾರೂ ಸಿಗುವುದಿಲ್ಲ. ನೋಂದಣಿ ಮೇಜು ಪರವಾಗಿಲ್ಲ, ಎಲ್ಲರೂ ಒಂದು ಸಲ ಬಂದೇ ಹೋಗಬೇಕು. ಆದರೆ ಒಬ್ಬೊಬ್ಬರಿಗೆ ಹದಿನೈದು ಸೆಕೆಂಡು.

ಕೇಳಿ ಪಡೆಯಬೇಕಾದ ಕೆಲಸಗಳು ಬೇರೆ ಇವೆ.

ವಿಮಾನ ನಿಲ್ದಾಣದಿಂದ ಕರೆತರುವುದು. ಶುದ್ಧವಾದ ಡ್ರೈವಿಂಗ್ ದಾಖಲೆ ಬೇಕು. ಬಾಡಿಗೆ ವ್ಯಾನ್ ಆದರೆ ವಯಸ್ಸು ಇಪ್ಪತ್ತೈದು ಆಗಿರಬೇಕು ಅನ್ನುವ ಕಡೆಗಳೂ ಇವೆ. ಸಿಕ್ಕರೆ ನಲವತ್ತು ನಿಮಿಷ ಆಟಗಾರ ನಿಮ್ಮ ಪಕ್ಕದ ಸೀಟಿನಲ್ಲಿ. ಹೊರಡುವ ಮುಂಚೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಲೈನ್‌ಮನ್ ಅಂದರೆ ಆರೂವರೆ ಅಡಿ, ನೂರಾನಲವತ್ತು ಕಿಲೋ. ನಿಮ್ಮ ಗಂಡನ ಅಳತೆಗೆ ಇಟ್ಟ ಸೀಟಿನಲ್ಲಿ ಅವನ ಮಂಡಿ ಗಲ್ಲಕ್ಕೆ ಬರುತ್ತದೆ. ದಾರಿಯಲ್ಲಿ ಅವನು ಫೋನ್ ನೋಡಿಕೊಂಡು ಕೂತರೆ ಬಿಟ್ಟುಬಿಡಿ. ವಿಮಾನ ಇಳಿದವನಿಗೆ ನಿದ್ದೆ ಇರುತ್ತದೆ. "ಹಸಿವಾಗಿದೆಯಾ?" ಅಂತ ಮಾತ್ರ ಕೇಳಿ. ಹಸಿದೇ ಇರುತ್ತಾನೆ, ಆ ಪ್ರಶ್ನೆಯಿಂದ ಮಾತು ತಾನಾಗಿ ಹೊರಡುತ್ತದೆ.

ಹೋಟೆಲಿನ ಆತಿಥ್ಯ ಕೋಣೆ. ಎಲ್ಲ ಕೆಲಸಗಳಲ್ಲಿ ಇದೇ ರಾಜ. ಅತಿಥಿಗಳು, ಅವರ ಮನೆಯವರು ಬಂದು ಕೂತು ಕಾಫಿ ಕುಡಿದು ಹೋಗಲಿಕ್ಕೆ ಅಂತ ಒಂದು ದೊಡ್ಡ ಕೋಣೆ ಇಟ್ಟಿರುತ್ತಾರೆ. ಅಲ್ಲಿ ನಿಮ್ಮ ಕೆಲಸ ಐಸ್ ತುಂಬುವುದು, ಖಾಲಿ ತಟ್ಟೆ ಎತ್ತುವುದು, ಬಸ್ಸು ಎಷ್ಟೊತ್ತಿಗೆ ಅಂತ ಹೇಳುವುದು. ನಾನು ಸತತ ಎರಡು ವರ್ಷ ಇದನ್ನೇ ಕೇಳಿ ತೆಗೆದುಕೊಂಡೆ. ಆಟಗಾರರ ತಾಯಂದಿರು ಸಿಗುವುದು ಇಲ್ಲೇ. ಆ ತಾಯಿಗೆ ಮಗ ಎಷ್ಟು ಯಾರ್ಡ್ ಓಡಿದ ಅನ್ನುವುದಕ್ಕಿಂತ, ಚಿಕ್ಕವನಿದ್ದಾಗ ದಿನಕ್ಕೆ ಎಷ್ಟು ಲೀಟರ್ ಹಾಲು ಖಾಲಿ ಮಾಡುತ್ತಿದ್ದ ಅಂತ ಹೇಳುವ ಆಸೆ. ನಾವು ಕೇಳಿಸಿಕೊಳ್ಳಬಲ್ಲೆವು. ಹತ್ತು ನಿಮಿಷ ಬಿಟ್ಟು ಮಗ ಬಂದರೆ, "ಬಾರೋ ಇಲ್ಲಿ, ಇವರಿಗೆ ನಮಸ್ಕಾರ ಹೇಳು" ಅಂತ ಅವಳೇ ಕರೆಯುತ್ತಾಳೆ. ಇಂಗ್ಲಿಷಿನಲ್ಲಿ ಕರೆಯುತ್ತಾಳೆ ನಿಜ, ಧಾಟಿ ಮಾತ್ರ ನಮ್ಮ ಹಾಸನದ್ದೇ.

ನನ್ನ ದೊಡ್ಡ ಎಡವಟ್ಟೂ ಆ ಕೋಣೆಯಲ್ಲೇ ಆದದ್ದು. ಮೂಲೆಯಲ್ಲಿ ಒಬ್ಬರು ಅಜ್ಜ ಒಬ್ಬರೇ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಕೊರಳಲ್ಲಿ ಬ್ಯಾಡ್ಜ್ ಇರಲಿಲ್ಲ. ಬ್ಯಾಡ್ಜ್ ಇಲ್ಲದವರನ್ನು ವಿಚಾರಿಸಬೇಕು ಅಂತ ಬೆಳಿಗ್ಗೆಯಷ್ಟೇ ನಮಗೆ ತಾಕೀತು ಮಾಡಿದ್ದರು. ಹೋಗಿ, "ತಾವು ಯಾವ ಹುಡುಗನ ತಾತ?" ಅಂತ ಕೇಳಿದೆ. ಅವರು ನಕ್ಕು, "ಹುಡುಗನದಲ್ಲ, ಇವಳ ತಾತ" ಅಂತ ಫೋನ್ ತೆಗೆದು, ಹಲ್ಲು ಬಿದ್ದ ಐದು ವರ್ಷದ ಮೊಮ್ಮಗಳನ್ನು ತೋರಿಸಿದರು. ನಾನೂ ಊರಲ್ಲಿರುವ ನಮ್ಮಕ್ಕನ ಮೊಮ್ಮಗನನ್ನು ತೋರಿಸಿದೆ. ಕಾಲು ಗಂಟೆ ಹೋಯಿತು. ಸಂಜೆ ಸಭಾಂಗಣದಲ್ಲಿ ದೀಪ ಆರಿಸಿ, ಪರದೆಯ ಮೇಲೆ ಹಳೆಯ ಕಪ್ಪುಬಿಳುಪು ಆಟದ ತುಣುಕು ತೋರಿಸಿ, ಎಂಟುನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ವೇದಿಕೆ ಹತ್ತಿದವರು ಅವರೇ. ಆ ರಾತ್ರಿಯ ಮುಖ್ಯ ಅತಿಥಿ. ನಾನು ನೀರಿನ ಜಗ್ಗು ಹಿಡಿದುಕೊಂಡು ಕಂಬದ ಹಿಂದೆ ಸರಿದೆ. ಊಟ ಮುಗಿಸಿ ಹೊರಡುವಾಗ ಅವರು ನನ್ನನ್ನು ಗುರುತಿಸಿ, "ಮೊಮ್ಮಗನಿಗೆ ನನ್ನ ನಮಸ್ಕಾರ ಹೇಳಮ್ಮ" ಅಂದರು. ಯಾರು ಅಂತ ಗೊತ್ತಿದ್ದರೆ ಆ ಕಾಲು ಗಂಟೆ ನನಗೆ ಸಿಗುತ್ತಿತ್ತೇ ಅಂತ ಈಗಲೂ ಅನ್ನಿಸುತ್ತದೆ. ಸುಮ್ಮನೆ ಬೆವರಿ ಹಸ್ತಾಕ್ಷರ ಕೇಳಿ ಬರುತ್ತಿದ್ದೆ.

ಮೂರನೆಯದು ಲಿಫ್ಟು. ಅದರ ಕಥೆ ಮುಂದೆ ಬರುತ್ತದೆ.

ಹೆಜ್ಜೆ 5: ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿ

ಒಂದು ವಾರ ಮುಂಚೆ ಅತಿಥಿಗಳ ಪಟ್ಟಿ ಬರುತ್ತದೆ. ಆಟದ ಅಂಕಿಅಂಶ ಬಾಯಿಪಾಠ ಮಾಡಬೇಡಿ, ಅದನ್ನು ಹೇಳುವವರು ನೂರು ಜನ ಇರುತ್ತಾರೆ. ಹೆಸರಿನ ಉಚ್ಚಾರಣೆ ಕಲಿಯಿರಿ. ನಮ್ಮ ಹೆಸರುಗಳನ್ನು ಕಾಫಿ ಅಂಗಡಿಯವರು ಲೋಟದ ಮೇಲೆ ಏನೆಂದು ಬರೆಯುತ್ತಾರೆ ಅಂತ ಗೊತ್ತಿರುವ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕಾಲೇಜ್ ಫುಟ್‌ಬಾಲಿನಲ್ಲಿ ಹವಾಯಿ, ಸಮೋವಾ ಕಡೆಯ ಹುಡುಗರು ಬಹಳ. 2014ರ ಹೈಸ್‌ಮನ್ ಗೆದ್ದ ಮಾರ್ಕಸ್ ಮರಿಯೋಟ ಹೊನೊಲುಲುವಿನವನು. 2019ರ ಔಟ್‌ಲ್ಯಾಂಡ್ ಟ್ರೋಫಿ ಪೆನೆ ಸೂವೆಲ್‌ಗೆ ಹೋಯಿತು, ಅವನು ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವನು. 2018ರಲ್ಲಿ ವಾಲ್ಟರ್ ಕ್ಯಾಂಪ್ ಪ್ರಶಸ್ತಿ ಪಡೆದ ಟುವ ಅವರ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಓದಿದರೆ "ಟಾಗೊವೈಲೊವ" ಅನ್ನುತ್ತೀರಿ. ಸಮೋವನ್ ಭಾಷೆಯಲ್ಲಿ ಆ 'ಗ'ದ ಜಾಗದಲ್ಲಿ ಬರುವುದು ಅನುನಾಸಿಕ. ಸರಿಯಾಗಿ ಬರೆದರೆ ಟಾಙೊವೈಲೊವ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ಆಮೇಲೆ ಬದುಕಿನಲ್ಲಿ ಒಮ್ಮೆಯೂ ಬಳಸದ 'ಙ' ಅಕ್ಷರ ನನಗೆ ಉಪಯೋಗಕ್ಕೆ ಬಂದದ್ದು ಟೆಕ್ಸಸ್‌ನಲ್ಲಿ, ಫುಟ್‌ಬಾಲಿನ ನೆಪದಲ್ಲಿ.

ಇಂಗ್ಲಿಷ್ ಅಕ್ಷರ ನಂಬಿದರೆ ಮೋಸ ಹೋಗುತ್ತೀರಿ. ಆಟಗಾರನ ಸಂದರ್ಶನ ಹುಡುಕಿ, ಅವನೇ ತನ್ನ ಹೆಸರು ಹೇಳುವುದನ್ನು ಕೇಳಿ, ಕೇಳಿದಂತೆ ಕನ್ನಡದಲ್ಲಿ ಬರೆದುಕೊಳ್ಳಿ. ಅಂಗೈ ಅಗಲದ ಚೀಟಿ ಬ್ಯಾಡ್ಜಿನ ಹಿಂದೆ ಸಿಕ್ಕಿಸಿಕೊಳ್ಳಿ. ನಾನು ಹಾಗೆ ಬರೆದುಕೊಂಡದ್ದನ್ನು ನೋಡಿ ಒಬ್ಬ ಆಟಗಾರನ ತಂದೆ, "ಇದೇನು, ಇಷ್ಟು ಗುಂಡಗುಂಡಗೆ?" ಅಂತ ಕೇಳಿದರು. ಅವರ ಹೆಸರನ್ನೂ ಬರೆದುಕೊಟ್ಟೆ. ಪರ್ಸಿನೊಳಗೆ ಇಟ್ಟುಕೊಂಡರು.

ಹೆಜ್ಜೆ 6: ಚೀಲದಲ್ಲಿ ಏನಿರಬೇಕು

ಕಪ್ಪು ಪ್ಯಾಂಟು, ಕೊಟ್ಟ ಅಂಗಿ, ಸದ್ದು ಮಾಡದ ಕಪ್ಪು ಶೂ. ಹೊಸ ಶೂ ಆ ದಿನವೇ ಹಾಕಿಕೊಂಡರೆ ಎರಡನೇ ಗಂಟೆಗೆ ಕಣ್ಣಲ್ಲಿ ನೀರು ಬರುತ್ತದೆ. ಹತ್ತು ಗಂಟೆ ನಿಲ್ಲುವ ಕೆಲಸ ಇದು. ಔತಣದಲ್ಲಿ ಎಲ್ಲ ಮೇಜಿನ ಮೇಲೂ ದಪ್ಪ ಮಾಂಸದ ತುಂಡು ಇರುತ್ತದೆ, ವಾಲಂಟಿಯರ್‌ಗಳಿಗೆ ತಣ್ಣನೆಯ ಸ್ಯಾಂಡ್‌ವಿಚ್. ಸಸ್ಯಾಹಾರಿಗಳು ಮನೆಯಿಂದ ಚಪಾತಿ ಸುತ್ತಿಕೊಂಡು ಹೋಗಿ. ಫೋನ್ ಚಾರ್ಜರ್, ಪೆನ್ನು, ಸಣ್ಣ ಸೂಜಿ ದಾರ. ಮತ್ತೆ ಪಿನ್ನು. ಪಿನ್ನಿನ ವಿಷಯ ಹೇಳಿಯೇ ಮುಂದೆ ಹೋಗಬೇಕು.

ಮೂರನೇ ವರ್ಷ ನನ್ನನ್ನು ಸರ್ವಿಸ್ ಲಿಫ್ಟಿಗೆ ಹಾಕಿದರು. ಅಡುಗೆಮನೆ ಹಿಂದಿನ, ಬೂದುಬಣ್ಣದ ದೊಡ್ಡ ಲಿಫ್ಟು. ಅತಿಥಿಗಳನ್ನು ಜನರ ಕಣ್ಣಿಗೆ ಬೀಳದೆ ನಾಲ್ಕನೇ ಮಹಡಿಯಿಂದ ವೇದಿಕೆ ಹಿಂದಕ್ಕೆ ಇಳಿಸುವುದು ಅದರಲ್ಲೇ. ನನ್ನ ಕೆಲಸ ಬಾಗಿಲು ಮುಚ್ಚದ ಹಾಗೆ ಕೈ ಅಡ್ಡ ಹಿಡಿಯುವುದು. ಗೋಡೆಗೆ ಅಡುಗೆಮನೆಯ ಬೆಣ್ಣೆ, ಬೆಳ್ಳುಳ್ಳಿ ವಾಸನೆ ಅಂಟಿಕೊಂಡಿತ್ತು. ಮೂವರು ಒಳಗೆ ಬಂದರು. ಬಂದಮೇಲೆ ನನಗೆ ಲಿಫ್ಟಿನ ಗೋಡೆಗಳು ಕಾಣಲಿಲ್ಲ. ಅವರಲ್ಲೊಬ್ಬ, ಆ ರಾತ್ರಿ ಪ್ರಶಸ್ತಿ ತೆಗೆದುಕೊಳ್ಳಬೇಕಾದವನು, ಕೊರಳಿಗೆ ಕೈ ಹಾಕಿ ಎಳೆದುಕೊಳ್ಳುತ್ತಿದ್ದ. ಟಪ್ ಅಂತು. ಕತ್ತಿನ ಗುಂಡಿ ಕಿತ್ತು ಬಂದು ನನ್ನ ಶೂ ಹತ್ತಿರ ಉರುಳಿತು. ಬೋ ಟೈ ಒಂದು ಕಡೆ ಜೋತುಬಿತ್ತು. ಹುಡುಗ ಬಿಳಿಚಿಕೊಂಡ. ಲಿಫ್ಟ್ ಮೂರನೇ ಮಹಡಿ ದಾಟುತ್ತಿತ್ತು.

ಸೂಜಿ ದಾರಕ್ಕೆ ಹೊತ್ತಿರಲಿಲ್ಲ. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಕರಿಮಣಿ ಸರಕ್ಕೆ ಎರಡು ಪಿನ್ನು ಸಿಕ್ಕಿಸಿಕೊಂಡಿರುವುದು ನಮ್ಮಮ್ಮನಿಂದ ಬಂದ ಅಭ್ಯಾಸ. ನಮ್ಮನೆಯವರು ಏರ್‌ಪೋರ್ಟಿನ ತಪಾಸಣೆಯಲ್ಲೆಲ್ಲ ಅದಕ್ಕೆ ತಮಾಷೆ ಮಾಡುತ್ತಾರೆ. ಒಂದು ತೆಗೆದೆ. "ಬಗ್ಗು" ಅಂದೆ, ಕನ್ನಡದಲ್ಲೇ ಬಂತು. ಅವನು ಬಗ್ಗಿದ. ಬಗ್ಗಿದರೂ ಸಾಲದೆ ಒಂದು ಮಂಡಿ ಊರಿದ. ಉಸಿರು ಹಿಡಿದುಕೋ ಅಂತ ಕೈಸನ್ನೆ ಮಾಡಿ, ಕಾಲರಿನ ಎರಡು ತುದಿ ಕೂಡಿಸಿ, ಪಿನ್ನು ಚುಚ್ಚಿ, ಅದರ ಮೇಲೆ ಬೋ ಟೈ ಕೂರಿಸಿದೆ. ಬಾಗಿಲು ತೆರೆಯಿತು. ಹೆಡ್‌ಸೆಟ್ ಹಾಕಿಕೊಂಡ ಹುಡುಗಿ ಅವನನ್ನು ಎಳೆದುಕೊಂಡು ಓಡಿದಳು. ಅವನು ಧನ್ಯವಾದ ಹೇಳಲಿಲ್ಲ, ಹೇಳುವಷ್ಟು ಉಸಿರು ಅವನ ಹತ್ತಿರ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಅವನ ತಾಯಿ ಆತಿಥ್ಯ ಕೋಣೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಹಿಂದೆ ಅವನು, ಕೈಯಲ್ಲಿ ಟ್ರೋಫಿ. ಅದನ್ನು ನನ್ನ ಕೈಗೆ ಕೊಟ್ಟು ಹಿಡಿದುಕೋ ಅಂದ. ಆ ಪಿನ್ನು ವಾಪಸ್ ಕೇಳುವುದು ನನಗೆ ಮರೆತೇ ಹೋಯಿತು.

ಹೆಜ್ಜೆ 7: ಮಾತು, ಫೋಟೋ, ಹಸ್ತಾಕ್ಷರ

ಕೆಲಸದ ಹೊತ್ತಿನಲ್ಲಿ ಫೋಟೋ ಕೇಳಬಾರದು ಅನ್ನುವುದು ಸಾಮಾನ್ಯವಾಗಿ ಬರಹದಲ್ಲೇ ಇರುತ್ತದೆ, ನೀವು ಸಹಿ ಹಾಕಿರುತ್ತೀರಿ. ಓದಿ ಹಾಕಿ. ಒಳಗಿನ ಫೋಟೋ ಹೊರಗೆ ಹಂಚಬಾರದು ಅನ್ನುವ ಷರತ್ತೂ ಅದರಲ್ಲಿರಬಹುದು. ಕನ್ನಡ ಕೂಟದ ವಾಟ್ಸಾಪ್ ಗುಂಪೂ ಹೊರಗೇ. ನನ್ನ ಜೊತೆಗಿದ್ದ ಒಬ್ಬ ಹುಡುಗ ಆಟಗಾರನ ಕೋಣೆಯ ನಂಬರ್ ಕಾಣುವ ಹಾಗೆ ಫೋಟೋ ಹಾಕಿ ಮಧ್ಯಾಹ್ನವೇ ಬ್ಯಾಡ್ಜ್ ಕಳಚಿಟ್ಟು ಮನೆಗೆ ಹೋದ.

ಕೆಲಸ ಮುಗಿದ ಮೇಲೆ, ಬ್ಯಾಡ್ಜ್ ತೆಗೆದು, ಸಂಯೋಜಕಿಯನ್ನು ಕೇಳಿ, ಆಮೇಲೆ ಆಟಗಾರನನ್ನು ಕೇಳಿ. ಕ್ಯಾಮರಾ ತೆರೆದಿಟ್ಟುಕೊಂಡೇ ಕೇಳಬೇಕು. ಪಾಸ್‌ವರ್ಡ್ ಒತ್ತುತ್ತಾ ನಿಲ್ಲಬಾರದು. ಸೆಲ್ಫಿಗೆ ಹೋಗಬೇಡಿ, ನಿಮ್ಮ ತೋಳು ಅಷ್ಟುದ್ದ ಇರುವುದಿಲ್ಲ. ನಾನು ಐದಡಿ ಒಂದಿಂಚು. ನನ್ನ ಮೊದಲ ಫೋಟೋದಲ್ಲಿ ನನ್ನ ಮುಖ ಪೂರ್ತಿ ಇದೆ, ಪಕ್ಕದಲ್ಲಿ ಒಂದು ಮೊಣಕೈ ಮತ್ತು ಕೋಟಿನ ಗುಂಡಿ ಇದೆ. ಮಗ ಇವತ್ತಿಗೂ ಅದು ಯಾರ ಮೊಣಕೈ ಅಂತ ಕೇಳುತ್ತಾನೆ. ಬೇರೆಯವರ ಕೈಗೆ ಫೋನ್ ಕೊಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ ತೆಗೆಯಲು ಹೇಳಿ.

ಹಸ್ತಾಕ್ಷರದ ವಿಷಯ ನಾಜೂಕಿನದು, ಅದಕ್ಕೊಂದು ಇತಿಹಾಸ ಇದೆ. 2021ರ ಜುಲೈ 1ರವರೆಗೆ ಕಾಲೇಜು ಆಟಗಾರ ತನ್ನ ಸಹಿ ಮಾರಿ ಒಂದು ಡಾಲರ್ ಕೂಡ ಪಡೆಯುವಂತಿರಲಿಲ್ಲ. ಹೈಸ್‌ಮನ್ ಗೆದ್ದ ಜಾನಿ ಮ್ಯಾನ್‌ಜೆಲ್‌ನನ್ನು ಹಸ್ತಾಕ್ಷರದ ವಿವಾದದಲ್ಲಿ 2013ರ ಮೊದಲ ಪಂದ್ಯದ ಅರ್ಧ ಹೊತ್ತು ಹೊರಗೆ ಕೂರಿಸಿದರು. ಜಾರ್ಜಿಯಾದ ಟಾಡ್ ಗರ್ಲಿಯನ್ನು 2014ರಲ್ಲಿ ನಾಲ್ಕು ಪಂದ್ಯ ಹೊರಗಿಟ್ಟರು. ಅವನು ಸಹಿ ಮಾಡಿದ ಸಾಮಾನುಗಳಿಗೆ 3,000 ಡಾಲರಿಗೂ ಹೆಚ್ಚು ತೆಗೆದುಕೊಂಡಿದ್ದ. ಸಹಿ ಮಾಡಿಸಿಕೊಂಡು ಹೋಗಿ ಮಾರುವ ದಲ್ಲಾಳಿಗಳಿಗೆ ಮಾತ್ರ ಆಗಲೂ ಲಾಭ, ಈಗಲೂ ಲಾಭ. ಈಗ ಆಟಗಾರರೇ ಸಹಿಯಿಂದ ಸಂಪಾದಿಸಬಹುದು. ಸಹಿಗಳ ಮೇಲೆ ಕಂಪನಿಗಳ ಜೊತೆ ಕರಾರು ಮಾಡಿಕೊಂಡವರೂ ಇದ್ದಾರೆ. ಹಾಗಾಗಿ ಯಾರಾದರೂ "ಆಗುವುದಿಲ್ಲ" ಅಂದರೆ ಜಂಬ ಅಂದುಕೊಳ್ಳಬೇಡಿ.

ಕೇಳುವುದೇ ಆದರೆ ಒಂದೇ ವಸ್ತು ತೆಗೆದುಕೊಂಡು ಹೋಗಿ. ಹತ್ತು ಹೊಳಪು ಫೋಟೋ, ನಾಲ್ಕು ಹೆಲ್ಮೆಟ್ ಹಿಡಿದುಕೊಂಡು ನಿಂತರೆ ದಲ್ಲಾಳಿ ಅಂತಲೇ ಲೆಕ್ಕ. ಮತ್ತೆ, ಮಗುವಿನ ಹೆಸರು ಸೇರಿಸಿ ಬರೆಯಲು ಹೇಳಿ. ಹೆಸರು ಬರೆದ ಸಹಿಯನ್ನು ಮಾರುವುದು ಕಷ್ಟ, ಅದು ಆಟಗಾರನಿಗೂ ಗೊತ್ತು. ಹೆಸರು ಸೇರಿಸಿ ಅಂದಕೂಡಲೇ ಅವನ ಮುಖ ಸಡಿಲವಾಗುವುದನ್ನು ನೀವೇ ನೋಡುತ್ತೀರಿ. ಕಾಗುಣಿತವನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಮಗನ ಹೆಸರಿನಲ್ಲಿ ಹನ್ನೊಂದು ಇಂಗ್ಲಿಷ್ ಅಕ್ಷರ. ಒಬ್ಬ ಕ್ವಾರ್ಟರ್‌ಬ್ಯಾಕ್ ನಾಲ್ಕು ಬರೆದು ನನ್ನ ಮುಖ ನೋಡಿದ.

ಮಾತಿಗೆ ಏನು ಹೇಳಬೇಕು ಅಂತ ಕೇಳುತ್ತಾರೆ. ಸೋತ ಪಂದ್ಯದ ಸುದ್ದಿ ಬೇಡ. ಗಾಯದ ಸುದ್ದಿ ಬೇಡ. ಫೆಬ್ರವರಿ ಆದರೆ, "ಯಾವ ತಂಡ ನಿನ್ನನ್ನು ಆರಿಸಿಕೊಳ್ಳುತ್ತದೆ?" ಅಂತಂತೂ ಬೇಡವೇ ಬೇಡ. ಏಪ್ರಿಲ್ ಕೊನೆಗೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಮಾಡುವ ಆಯ್ಕೆಯ ದಿಗಿಲು ಅವರ ತಲೆ ತುಂಬ ಇರುತ್ತದೆ, ನಮ್ಮ ಹುಡುಗರನ್ನು ಸಿಇಟಿ ರ್‍ಯಾಂಕ್ ಎಷ್ಟು ಬರುತ್ತೆ ಅಂತ ಕೇಳಿದ ಹಾಗೆ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಇಲ್ಲಿಯ ಊಟ ಹೇಗಿತ್ತು, ಇಷ್ಟೇ ಸಾಕು.

ಹೆಜ್ಜೆ 8: ಮಾರನೇ ದಿನ

ಕುರ್ಚಿ ಎತ್ತುವವರೆಗೂ ಇರಿ. ಹನ್ನೆರಡು ಗಂಟೆಗೆ ಮೇಜುಬಟ್ಟೆ ಮಡಿಸುವಾಗ ಯಾರಿದ್ದರು ಅಂತ ಸಂಯೋಜಕಿ ನೋಡಿಟ್ಟುಕೊಳ್ಳುತ್ತಾಳೆ. ಮುಂದಿನ ವರ್ಷ ಆತಿಥ್ಯ ಕೋಣೆ ಅವರಿಗೇ. ನನಗೆ ಲಿಫ್ಟ್ ಸಿಕ್ಕಿದ್ದೂ ಹಿಂದಿನ ವರ್ಷ ಮೇಜುಬಟ್ಟೆ ಮಡಿಸಿದ್ದಕ್ಕೆ. ವಾರದೊಳಗೆ ಅವಳಿಗೆ ಎರಡು ಸಾಲಿನ ಮೇಲ್ ಹಾಕಿ, ಮುಂದಿನ ವರ್ಷದ ದಿನಾಂಕ ಯಾವಾಗ ಗೊತ್ತಾಗುತ್ತದೆ ಅಂತ ಕೇಳಿ. ದಿನಾಂಕ ಬಂದಮೇಲೆಯೇ ಡಿಸೆಂಬರಿನಲ್ಲಿ ಊರಿಗೆ ಹೋಗುವ ಟಿಕೆಟ್ ಮಾಡಿಸಿ. ನಾನೊಂದು ವರ್ಷ ಅತ್ತೆಯ ಎಪ್ಪತ್ತನೇ ವರ್ಷದ ಶಾಂತಿಗೂ ಔತಣದ ದಿನಕ್ಕೂ ಸಿಕ್ಕಿಹಾಕಿಕೊಂಡು, ಹೊಳೆನರಸೀಪುರದಲ್ಲಿ ಹೋಮದ ಹೊಗೆಯ ನಡುವೆ ಕೂತು ಫೋನಿನಲ್ಲಿ ಪ್ರಶಸ್ತಿ ಸಮಾರಂಭ ನೋಡಿದ್ದೇನೆ.